ಸೋಪಿನ ಬಾಟಲಿ

ಕರೋಂಗಾದ ಆಸ್ಪತ್ರೆಯಲ್ಲಿ, ಸರೋವರದ ಕಡೆಯ ಕೋಣೆಯಲ್ಲಿ
ಏಳು ತೊಟ್ಟಿಲು. ತೊಟ್ಟಿಲೆಂದರೆ ಮರದ ಪೆಟ್ಟಿಗೆ,
ಕೆಳಗೆ ಬಲ್ಬು, ಮೇಲೆ ಗಾಜು.
ಒಂದೂಕಾಲು ಕಿಲೋ, ಒಂದು ಕಿಲೋ,
ಕಿಲೋಗೂ ಕೊಂಚ ಕಡಿಮೆ.
ಸಂತೆಯಲ್ಲಿ ಉಸಿಪಾ ಮೀನು ತೂಗುವವನೂ
ಅಷ್ಟಕ್ಕೆ ನಾಚಿ ಕೊಸರು ಹಾಕುತ್ತಾನೆ.

ಕೊನೆಯ ತಿಂಗಳುಗಳಲ್ಲಿ ತಾಯಿ
ಹೊಟ್ಟೆಯಲ್ಲಿರುವುದಕ್ಕೆ ಬುತ್ತಿ ಕಟ್ಟುತ್ತಾಳೆ:
ತಾನು ಉಂಡ ಜ್ವರ, ಗೆದ್ದ ಕೆಮ್ಮು,
ತೋಳಿಗೆ ಚುಚ್ಚಿಸಿಕೊಂಡ ಸೂಜಿ,
ಎಲ್ಲದರ ನೆನಪನ್ನೂ ನೆತ್ತರಲ್ಲಿ ಗಂಟು ಹಾಕಿ.
ಇವರು ಬುತ್ತಿಗೆ ಕಾಯದೆ ಹೊರಟುಬಂದವರು.
ಬಾಗಿಲಿಲ್ಲದ ಮನೆಯಂಥ ಚರ್ಮ.
ಬಾಗಿಲು ನಾನಾಗಬೇಕಿತ್ತು.

ಆಗಿದ್ದೆ ಕೂಡ. ಬೇಕಾದರೆ ನ್ಯಾಮ್ಸಿಸ್ಕಾಳನ್ನು ಕೇಳಿ.
ಉಗುರು ಬೆಳೆಸಿದವಳಲ್ಲ. ಉಂಗುರ ಮನೆಯಲ್ಲೇ.
ಅಂಗೈ, ಹಿಂಗೈ, ಬೆರಳಸಂದಿ,
ಹೆಬ್ಬೆರಳ ಬುಡ, ಆಮೇಲೆ ಮಣಿಕಟ್ಟು.
ಮಗುವಿನಿಂದ ಮಗುವಿಗೆ ಮೂರು ಹೆಜ್ಜೆ,
ನಡುವೆ ನಲ್ಲಿ.
ಆ ಮೂರು ಹೆಜ್ಜೆಯಲ್ಲಿ ನಾನೆಂದೂ ಅವಸರ ಮಾಡಲಿಲ್ಲ.

ಸೋಮವಾರ ನ್ಯಾಕ್ಯುಂಬಾಳ ಅವಳಿಗಳಲ್ಲಿ ಸಣ್ಣವನು ಹಾಲು ಬಿಟ್ಟ.
ಮಂಗಳವಾರ ಮೈ ತಣ್ಣಗಾಯಿತು.
ಇಷ್ಟು ಸಣ್ಣವರಿಗೆ ಎಷ್ಟೋ ಸಲ ಜ್ವರವೂ ಬರುವುದಿಲ್ಲ,
ಜ್ವರಕ್ಕೂ ಒಂದಿಷ್ಟು ಕಸುವು ಬೇಕು.
ಗುರುವಾರ ಕಿಟಕಿ ಪಕ್ಕದವಳು.
ಶುಕ್ರವಾರ ಇನ್ನೊಬ್ಬ.
ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅದು ನಡೆಯುತ್ತಿತ್ತು.
ಸ್ವಂತ ಕಾಲಿಲ್ಲ ಅದಕ್ಕೆ. ಯಾರದಾದರೂ ಕೈ ಸಾಕು.

ತಾಯಂದಿರು ಗಾಳಿ ಅಂದರು, ಕೆಟ್ಟ ಕಣ್ಣು ಅಂದರು.
ನಾನು ಅಜ್ಜಿಯ ಚಿತೆಂಜೆ ಅಂದೆ.
ಅವಳಿಗಳ ಅಜ್ಜಿ, ಸೊಂಟಕ್ಕೆ ಸುತ್ತಿದ ಆ ಬಟ್ಟೆಯಲ್ಲೇ
ಮೀನು ತರುತ್ತಾಳೆ, ಮೂಗು ಒರೆಸಿಕೊಳ್ಳುತ್ತಾಳೆ.
'ಹೊರಗೆ ನಿಲ್ಲು' ಎಂದು ಗದರಿದೆ.
ಅವಳು ಬಿಸಿಲಲ್ಲಿ ಕೂತಳು.
ಸಣ್ಣವನು ಹೋದಾಗಲೂ ಅಲ್ಲೇ ಕೂತಿದ್ದಳು.

ಮ್ಜುಜುವಿನಿಂದ ಹುಡುಗನೊಬ್ಬ ಬಂದ, ವಾಕಿಸಾ ಸಿಲ್ವಿಂಬಾ,
ಜೇಬು ತುಂಬ ಹತ್ತಿಯ ಕಡ್ಡಿ.
ತಕ್ಕಡಿ ಒರೆಸಿದ, ಸ್ಟೆತೊಸ್ಕೋಪು ಒರೆಸಿದ,
ಬಲ್ಬಿನ ಸ್ವಿಚ್ಚು, ನಲ್ಲಿಯ ತಿರುಪು,
ನಾನು ಹೇಳಿದೆನೆಂದು ಚಿತೆಂಜೆಯ ಅಂಚು.
ಬಾಗಿಲ ತನಕ ಹೋದವನು ಏನೋ ನೆನೆದು
ಹಿಂದಿರುಗಿ ಬಂದು
ಸೋಪಿನ ಬಾಟಲಿಗೂ ಒಂದು ಕಡ್ಡಿ ಇಳಿಸಿದ.

ನಾಲ್ಕನೆಯ ದಿನ ಬಸ್ಸಿನಲ್ಲಿ ಕಾಗದ ಬಂತು.
ಅಜ್ಜಿಯ ಬಟ್ಟೆಯಲ್ಲಿ ಅದು ಇಲ್ಲ.
ಬಾಟಲಿಯಲ್ಲಿ ಕಾಡು.

ತುಂಬಿಸುತ್ತಿದ್ದವಳು ನಾನೇ.
ಅರ್ಧವಾದಾಗ ನೀರು ಬೆರೆಸಿ, ಮತ್ತೆ ಅರ್ಧಕ್ಕೆ ಮತ್ತೆ,
ತಿಂಗಳುಗಟ್ಟಲೆ, ತಳ ಕಾಣಿಸದೆ.
ಸೋಪನ್ನು ಯಾರಾದರೂ ತೊಳೆಯುತ್ತಾರೆಯೆ?
ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರಲ್ಲ,
ಆ ಬೇಲಿಗೆ ಗೊತ್ತೇ ಇರಲಿಲ್ಲ, ಮೇಯುತ್ತಿದ್ದುದು ತಾನೆಂದು.

ಒಂದು ಮಾತು ಯಾರಿಗೂ ಹೇಳಿಲ್ಲ.
ಕೈ ತೊಳೆಯಲು ಸೋಮಾರಿಯಾದ ಟೆಂವಾಳ ಪಾಳಿಯಲ್ಲಿ
ಒಬ್ಬರಿಗೂ ಏನೂ ಆಗಲಿಲ್ಲ.
ಹೇಳಿದರೆ ಅವಳು ತಪ್ಪು ಪಾಠ ಕಲಿಯುತ್ತಾಳೆ.
ನಾನು ಕಲಿತದ್ದು ಸರಿಯೋ, ಅದೂ ತಿಳಿಯದು.

ಈಗ ಗಟ್ಟಿ ಸೋಪು. ಚಾಕುವಿನಲ್ಲಿ ತೆಳ್ಳಗೆ ಹೆಚ್ಚಿ
ಪಾಳಿಗೊಂದು ಹೋಳು, ಉಳಿದದ್ದು ಕಸಕ್ಕೆ.
ಬಾಟಲಿಗಳನ್ನು ಪೂರ್ತಿ ಬಸಿದು, ಬಿಸಿನೀರಲ್ಲಿ ತೊಳೆದು
ತಾರೀಖು ಬರೆಯುತ್ತೇವೆ.

ಅಜ್ಜಿಯ ಬಳಿ ಹೋದೆ.
ಕಾಗದವನ್ನು ಅವಳ ನುಡಿಯಲ್ಲಿ ಓದಿದೆ, ಸಾಲು ಸಾಲಾಗಿ.
ಬಾಟಲಿಯ ಸಾಲು ಬಂದಾಗ ಗಂಟಲು ಹಿಡಿಯಿತು,
ಆದರೂ ಓದಿದೆ, 'ತುಂಬಿಸಿದವಳು ನಾನು' ಎಂದು ಸೇರಿಸಿ.
ಅವಳು ಸರೋವರ ನೋಡುತ್ತಿದ್ದಳು.
ಬಹಳ ಹೊತ್ತಿನ ಮೇಲೆ ಕೇಳಿದಳು:
'ಹಾಗಾದರೆ ನಾನೀಗ ಒಳಗೆ ಬರಬಹುದೆ?'

ನಲ್ಲಿಯ ಕೆಳಗೆ ನಿಂತು ತೊಳೆದಳು.
ಅಂಗೈ, ಹಿಂಗೈ, ಬೆರಳಸಂದಿ,
ನನಗಿಂತ ನಿಧಾನ,
ಬಲೆ ಬಿಡಿಸಿದ ಹಳೆಯ ಬೆರಳುಗಳು.
ಉಳಿದ ಮೊಮ್ಮಗನನ್ನು ಎದೆಯ ಚರ್ಮಕ್ಕೆ ಒತ್ತಿಕೊಂಡು
ಮೇಲೆ ಒಗೆದ ಚಿತೆಂಜೆ ಕಟ್ಟಿದಳು.

ಕಿಟಕಿಯಲ್ಲಿ ಬಾಟಲಿ ಬೋರಲಾಗಿ ಒಣಗುತ್ತಿತ್ತು.
ಒಂದು ಹನಿ ಬಾಯಂಚಿಗೆ ಬಂದು ನಿಂತಿತ್ತು.
ಅದು ಬೀಳುವ ತನಕ
ಯಾರನ್ನೂ ಮುಟ್ಟದೆ ನಿಂತೆ.